ಗುಡ್ಡ ಓಡಿ ಹತ್ತುತ್ತಿದ್ದ ಗೌರಕ್ಕ

ಆಗೆಲ್ಲ ಶ್ರಾವಣ ಸೋಮವಾರ ಬಂತೆಂದರೆ ನಮ್ಮ ಅನಗೋಳದ ಮನೆಯಲ್ಲಿ ನಸುಕಿನಲ್ಲೇ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸಿದ್ಧವಾಗುತ್ತಿತ್ತು. ಜಾಂಬೋಟಿ ಬಸ್ಸು ಹಿಡಿದು, ಗುಡ್ಡದ ಬುಡದಲ್ಲಿ ಚಪ್ಪಲಿ ಬಿಟ್ಟು, ಮಲ್ಲಯ್ಯನ ಗುಡಿಗೆ ಬರಿಗಾಲಲ್ಲಿ ಹತ್ತಬೇಕು. ಹಸಿ ಮಣ್ಣು, ಊದಿನಕಡ್ಡಿ, ಒದ್ದೆ ಕೊಡೆಗಳ ವಾಸನೆ ಹಾದಿಯುದ್ದಕ್ಕೂ.

ನನ್ನ ಅಕ್ಕ ಗೌರಿ ಆಗ ಕಾಲೇಜಿನ ಮೊದಲ ವರ್ಷ. ಓಡಣಿಯನ್ನು ಸೊಂಟಕ್ಕೆ ಬಿಗಿದು ಓಡಲು ನಿಂತಳೆಂದರೆ ಗಂಡುಹುಡುಗರೂ ಹಿಂದೆ. ನಡೆಯುವವರನ್ನು ಸುಮ್ಮನೆ ದಾಟಿದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ಒಂದು ಮಾತು ಎಸೆದೇ ಹೋಗಬೇಕು.

ನಮ್ಮ ಕಡೆ ಹೆಣ್ಣು ನೋಡುವ ಮೊದಲು ಒಂದು ಕಳ್ಳನೋಟ ಇರುತ್ತಿತ್ತು. ಗಂಡಿನವರು ದೇವರಿಗೆ ಬಂದವರಂತೆ ಬರುವುದು, ನಮ್ಮವರು ಅಕಸ್ಮಾತ್ ಸಿಕ್ಕಂತೆ ಮಾತಾಡಿಸುವುದು. ಒಪ್ಪಿಗೆಯಾಗದಿದ್ದರೂ ಯಾರ ಮಾನವೂ ಹೋಗಬಾರದಲ್ಲ! ಹುಡುಗಿಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಹೇಳಿದರೆ ನಾಚಿ ಮುಖ ಕೆಡಿಸಿಕೊಳ್ಳುತ್ತಾಳಂತೆ.

ಆ ಸೋಮವಾರ ಹಾದಿಯ ನಡುವೆ ಒಬ್ಬ ದಪ್ಪನೆಯ ತರುಣ, ಅವನ ತಾಯಿ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅಕ್ಕ ಬಾಣದ ಹಾಗೆ ದಾಟಿದಳು.

"ಮಾಮಾ, ಸಾವಕಾಶ ಬರ್ರಿ! ಮುಂದಿನ ಸೋಮವಾರದ ಮಟಾ ದೇವರು ಕಾಯ್ತಾನ. ಮಾವಶೀ, ಹಿಂದಿಂದ ದಬ್ಬಲೇನ್ರಿ?"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗುಡಿಯ ಕಟ್ಟೆಯ ಮೇಲೆ ಆ ತಾಯಿ-ಮಗ ಬಂದು ಕೂತಾಗ ಅವ್ವ ಕಲಿತ ಪಾಠ ಒಪ್ಪಿಸಿದಳು: "ಅಯ್ಯ, ನೀವೂ ಬಂದೀರೇನ್ರಿ! ಈಕಿನ ನಮ್ಮ ಗೌರಿ."

ಅಕ್ಕನ ಬಾಯಲ್ಲಿ ಕೊಬ್ಬರಿ ಚೂರು ಹಾಗೇ ನಿಂತಿತು. ಹುಡುಗನ ತಾಯಿ ಬೆವರು ಒರೆಸಿಕೊಂಡು, ಸಂತೆಯಲ್ಲಿ ಎತ್ತು ನೋಡುವಂತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಹುಡಿಗಿ ಕಾಲು ಗಟ್ಟಿ ಅದಾವ್ರಿ. ಇರ್ಲಿ, ನಮ್ಮ ಮನ್ಯಾಗ ನಡಿಯೂದು ನಾ ಕಲಸ್ತೇನಿ."

ಒಪ್ಪಿದರು! ಅವ್ವ ಖುಷಿಯಿಂದ ಆ ತಾಯಿಯ ಕಾಲಿಗೆ ಬಿದ್ದಳು. ಇಳಿಯುವಾಗ ಅಕ್ಕ ಮೆಲ್ಲಗೆ, "ಅವ್ವಾ, ನನಗ ಆ ಮನಿ ಬ್ಯಾಡ" ಎಂದಳು. ಅವ್ವ ಅವಳ ರಟ್ಟೆ ಚಿವುಟಿದಳು.

"ಬಾಯಿ ಮುಚ್ಚು. ಇಷ್ಟೆಲ್ಲಾ ಅಂದ್ರೂ ಒಪ್ಯಾರ, ನಿನ್ನ ಪುಣ್ಯಾ. ನಡಿ, ಎಲ್ಲಾರ ಹಿಂದ ನಡಿ."

ಮದುವೆಯಾಗಿ ಹೋದ ಮೇಲೆ ಶಿವಬಸವ ನಗರದ ಆ ಮನೆಯಲ್ಲಿ ಅಕ್ಕನಿಗೆ ಗೌರಿ ಎಂಬ ಹೆಸರೇ ಉಳಿಯಲಿಲ್ಲ. ಬೀಗರು ಬಂದಾಗ ಚಹಾ ತಡವಾದರೆ ಸಾಕು, "ನಮ್ಮ ಓಡಾಕಿ ಎಲ್ಲಿ ಹ್ವಾದ್ಲು?" ಎಂದು ಅತ್ತೆ ಕೂಗುವಳು. ಹೊಸಬರಿಗೆ ಗುಡ್ಡದ ಕಥೆ ಮೊದಲಿಂದ ಹೇಳುವಳು. ಎಲ್ಲರೂ ನಗುವರು. ಅಕ್ಕ ತಟ್ಟೆ ಹಿಡಿದು ನಿಂತೇ ಇರುವಳು. ಆ ಮುದುಕಿ ಸತ್ತಾಗ ನನಗೇನೂ ದುಃಖವಾಗಲಿಲ್ಲ, ಸುಳ್ಳೇಕೆ ಹೇಳಲಿ.

ಹೋದ ಶ್ರಾವಣದಲ್ಲಿ ಮತ್ತೆ ಆ ಗುಡ್ಡಕ್ಕೆ ಹೋಗಿದ್ದೆವು. ಈಗ ಅರ್ಧ ಹಾದಿಗೆ ಸಿಮೆಂಟಿನ ಮೆಟ್ಟಿಲು. ಬೂಟು ಹಾಕಿದ ಹುಡುಗಿಯರು "ಬಾಜು ಸರೀರಿ" ಎನ್ನುತ್ತ ನಮ್ಮನ್ನು ದಾಟಿ ಓಡಿದರು. ಅಕ್ಕನ ಗಂಡ, ನಮ್ಮ ಮಾವ, ಒಂದು ಕಲ್ಲಿನ ಮೇಲೆ ಕುಸಿದು ಕೂತ.

"ಅಕ್ಕಾ, ಅತ್ತಿನೂ ಇಲ್ಲ ಈಗ. ಓಡ ನೀ," ಎಂದೆ.

ಅವಳು ಮೇಲಿನ ಹಾದಿ ನೋಡಿದಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ಆಮೇಲೆ ಸೆರಗು ಬಿಚ್ಚಿ ಹೊದ್ದುಕೊಂಡು, "ತಡಿ, ಅವರು ಏಳ್ಲಿ," ಎಂದು ಗಂಡನ ಹಿಂದೆ ಹೋಗಿ ನಿಂತಳು.

ನಮಗೆಲ್ಲ ಏದುಸಿರು. ಅಕ್ಕನಿಗೆ ಒಂದಿಷ್ಟೂ ದಮ್ಮು ಹತ್ತಿರಲಿಲ್ಲ.