ಅಳಿಸಿದ ಪಟ್ಟಿ

ಬೈಲಹೊಂಗಲದ ಕಟಿಂಗ್ ಅಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುಳಿತಾಗ ಎಂಥ ಸುದ್ದಿ ಓದಿದರೂ ಬಾಯಿ ತೆರೆಯುವಂತಿಲ್ಲ. ಮೊನ್ನೆ ಹಾಗೆ ಕುಳಿತೇ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರ ನೋಡಿದೆ. ದೂರದ ಒಂದು ಗ್ಯಾಲಕ್ಸಿ. ಅದರ ಬೆಳಕು ಹೊರಟು ಸಾವಿರ ಕೋಟಿ ವರ್ಷಕ್ಕೂ ಮೇಲಾಗಿದೆಯಂತೆ. ಹಳೆಯ ದೂರದರ್ಶಕದಲ್ಲಿ ಬರೀ ಮಸುಕಾಗಿದ್ದದ್ದು, ಬಾಹ್ಯಾಕಾಶದಲ್ಲಿರುವ ಹೊಸ ದೂರದರ್ಶಕ ಅವಗೆಂಪು ಬೆಳಕಿನಲ್ಲಿ ನೋಡಿದಾಗ ಸ್ಪಷ್ಟವಾಯಿತಂತೆ. ಚಪ್ಪಟೆ ತಟ್ಟೆ, ಎರಡು ಸುರುಳಿ ತೋಳು, ನಟ್ಟನಡುವೆ ನಕ್ಷತ್ರಗಳ ಒಂದು ನೇರ ಪಟ್ಟಿ. ತೋಳುಗಳು ಹೊರಡುವುದು ಆ ಪಟ್ಟಿಯ ಎರಡು ತುದಿಗಳಿಂದ. ಇಂಥ ಪಟ್ಟಿ ಮೂಡಲು ಬಹಳ ಕಾಲ ಬೇಕು, ವಿಶ್ವ ಇನ್ನೂ ಎಳೆಯದಿದ್ದಾಗ ಅದು ಇರಲಾರದು ಎಂದುಕೊಂಡಿದ್ದ ವಿಜ್ಞಾನಿಗಳು ಈಗ ತಿದ್ದಿಕೊಳ್ಳುತ್ತಿದ್ದಾರೆ.

“ಅಲುಗಬ್ಯಾಡ್ರಿ ಸರ, ಕತ್ತಿ ತಾಕತೈತಿ,” ಎಂದ ಅಂಗಡಿಯವನು. ನಾನು ಅಲುಗಿದ್ದು ವಿಜ್ಞಾನಿಗಳ ಸಲುವಾಗಿ ಅಲ್ಲ.

ಸವದತ್ತಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆಯ ಮಾಸ್ತರನಾಗಿದ್ದೆ. ಚಿತ್ರಕಲೆಯ ಪೀರಿಯಡ್ ಎಂದರೆ ಗಣಿತದವರು ಕಸಿದುಕೊಂಡು ಉಳಿದದ್ದು, ನಿಮಗೂ ಗೊತ್ತು. ಆದ್ದರಿಂದ ನನ್ನ ಕಲೆಯೆಲ್ಲ ಗೋಡೆಗೆ ಹೋಗುತ್ತಿತ್ತು. ನಾನು ಬರೆದ ಜೀರ್ಣಾಂಗ ನೋಡಲು ಮುನವಳ್ಳಿಯಿಂದಲೂ ಜನ ಬಂದಿದ್ದರು ಎಂದು ಹೇಳಿಕೊಂಡು ತಿರುಗಿದ್ದೇನೆ. ಬಂದವರು ಇಬ್ಬರು, ಅದರಲ್ಲಿ ಒಬ್ಬ ನನ್ನ ಭಾವಮೈದುನ.

ಅಲ್ಲಿಗೆ ವಿಜ್ಞಾನ ಕಲಿಸಲು ಸಿರಸಂಗಿಯ ಗಿರಿಜಾ ಅಕ್ಕೋರು ಬಂದರು. ಶಿಕ್ಷಕಿಯರಿಗೆ ನಮ್ಮಲ್ಲಿ ಹಾಗೇ ಅನ್ನುವುದು. ಒಂಬತ್ತನೆಯ ಇಯತ್ತೆಯ ಕೋಣೆಯ ಗೋಡೆಗೆ ನಾವಿರುವ ಗ್ಯಾಲಕ್ಸಿ, ನಮ್ಮ ಆಕಾಶಗಂಗೆ, ಬರೆದುಕೊಡಿ ಎಂದರು. ನಾನು ಚಕ್ಕಲಿ ಸುತ್ತಿದಂತೆ ದುಂಡಗೆ ಬರೆದೆ.

“ಸರ, ನಡುವ ಒಂದು ಪಟ್ಟಿ ಬೇಕ್ರಿ.”

“ಪಟ್ಟಿ ಹಾಕಿದ್ರ ಚಿತ್ರ ಕೆಡತೈತ್ರಿ ಅಕ್ಕೋರ.”

“ಚಂದ ಕಾಣ್ಲಿ ಅಂತ ಖರೇ ಬಿಡಾಕ ಬರತೈತೇನ್ರಿ?”

ಮರುದಿನ ಧಾರವಾಡದಿಂದ ತಂದಿದ್ದ ದಪ್ಪ ಪುಸ್ತಕವೊಂದನ್ನು ನನ್ನ ಕೈಗಿಟ್ಟರು. ಮನೆಗೆ ಒಯ್ದು ಚಿತ್ರ ನೋಡಿದೆ, ಕೆಳಗಿನ ಬರಹವನ್ನೂ ಓದಿದೆ. ಪಟ್ಟಿ ಇತ್ತು. ಬಂದು ಹಾಕಿದೆ.

ಅವರು ಅದನ್ನು ಕಲಿಸಿದ್ದು ಹಂತಿಯ ಮೂಲಕ. ರಾಶಿಯ ಕಣದಲ್ಲಿ ಮೇಟಿಕಂಬಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ತಿರುಗುತ್ತವಲ್ಲ, ಅದೇ. “ಮೇಟಿಯ ಎರಡೂ ಕಡೆ ಹಂತಿ ಹೂಡೇರ ಅಂತ ತಿಳೀರಿ. ಒಳಗಿನ ಎತ್ತು ಸಾವಕಾಶ ನಡೀತೈತಿ, ತುದೀದು ಓಡತೈತಿ. ಸಾಲು ಮಾತ್ರ ಮುರಿಯೂದಿಲ್ಲ. ಪಟ್ಟಿನೂ ಹಂಗ ತಿರಗತೈತಿ. ತಿರಗಿಕೋಂತ ಹೊರಗಿನ ಅನಿಲಾನ ನಡುವಕ್ಕ ಎಳಕೋತೈತಿ. ಅಲ್ಲಿ ಹೊಸ ಚಿಕ್ಕಿ, ಅಂದ್ರ ನಕ್ಷತ್ರ, ಹುಟ್ಟತಾವು.” ಹೊರಗೆ ನಿಂತು ಕೇಳಿದೆ. ಹುಟ್ಟಿದಾಗಿನಿಂದ ಹಂತಿ ನೋಡಿದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಮುಂದಿನ ತಿಂಗಳು ತಪಾಸಣೆಗೆ ಬಂದ ಇಲಾಖೆಯ ಸಾಹೇಬರು ನಮ್ಮಿಬ್ಬರನ್ನೂ ಕರೆದುಕೊಂಡು ಆ ಕೋಣೆಗೆ ಹೋದರು. “ಇದೇನ್ರಿ, ಆಕಾಶಗಂಗಾಕ್ಕ ಕಾಟು ಹೊಡದೀರಿ?” ಎಂದು ನಕ್ಕರು. ಪಠ್ಯಪುಸ್ತಕದ ಚಿತ್ರದಲ್ಲಿ ಪಟ್ಟಿ ಇರಲಿಲ್ಲ. ಬೇರೆ ಪುಸ್ತಕದಲ್ಲಿದೆ, ಚಿತ್ರಕಲೆಯ ಸರ ಕೂಡ ನೋಡಿದ್ದಾರೆ ಎಂದರು ಅಕ್ಕೋರು. ಸಾಹೇಬರು ನನ್ನ ಕಡೆ ತಿರುಗಿದರು.

“ನೋಡೀರೇನ್ರಿ?”

ನನ್ನ ಬಡ್ತಿಯ ಕಾಗದ ಆಗ ಅವರ ಟೇಬಲ್ಲಿನ ಮೇಲಿತ್ತು. ಪುಸ್ತಕ ನನ್ನ ಮನೆಯಲ್ಲಿತ್ತು.

“ಇಲ್ರಿ ಸಾಹೇಬ್ರ,” ಎಂದೆ.

ನಲವತ್ತು ಮಕ್ಕಳ ಮುಂದೆ ಅಕ್ಕೋರು ಬೈಸಿಕೊಂಡರು. ತಿಳಿಯದ್ದನ್ನು ಕಲಿಸಬೇಡಿ ಎಂದಾಗ ಹಿಂದಿನ ಬೆಂಚಿನವರು ನಕ್ಕರು. ಶಾಲೆ ಬಿಡುವುದರೊಳಗೆ ನಾನು ಪಟ್ಟಿಯ ಮೇಲೆ ಬಣ್ಣ ಬಳಿದೆ. ಆ ವರ್ಷವೆಲ್ಲ ಅಕ್ಕೋರು ಏನು ಹೇಳಿದರೂ ಮಕ್ಕಳು “ಖರೇನ್ರಿ ಅಕ್ಕೋರ?” ಎಂದು ಕೇಳುತ್ತಿದ್ದರು. ಆಮೇಲೆ ಅವರಿಗೆ ರಾಮದುರ್ಗದ ಕಡೆ ವರ್ಗವಾಯಿತು. ಪುಸ್ತಕವನ್ನು ಪ್ಯೂನ್ ಕೈಯಲ್ಲಿ ಕಳಿಸಿದೆ, ಎದುರು ಹೋಗಲು ನನಗೆ ಮುಖವಿರಲಿಲ್ಲ. ಬಡ್ತಿ ಏನೋ ಬಂತು.

ಮೊನ್ನೆ ಅಂಗಡಿಯಿಂದ ಬಂದವನೇ ನಾಲ್ಕು ಜನರನ್ನು ಕೇಳಿ ಅಕ್ಕೋರ ನಂಬರು ಸಂಪಾದಿಸಿ ಫೋನ್ ಮಾಡಿದೆ. ಈಗ ಕಿತ್ತೂರಿನಲ್ಲಿದ್ದಾರೆ. ಸುದ್ದಿಯನ್ನು ಆಗಲೇ ಓದಿದ್ದರು.

“ಪಟ್ಟಿ ಎಷ್ಟು ನೆಟ್ಟಗ ಐತಿ ನೋಡಿದ್ರೇನ್ರಿ ಸರ?” ಎಂದು ಖುಷಿಯಿಂದ ಶುರು ಮಾಡಿದರು.

“ಅಕ್ಕೋರ, ಅವತ್ತ ನಂದು ತಪ್ಪಾತ್ರಿ,” ಎಂದೆ.

“ನನಗ್ಯಾಕ ಹೇಳತೀರಿ? ನೀವು ಪುಸ್ತಕ ನೋಡಿದ್ದು ನನಗ ಗೊತ್ತಿತ್ತು. ಗೊತ್ತಿಲ್ಲದವ್ರು ಆ ಹುಡುಗ್ರು. ಹೇಳೂದಿದ್ರ ಅವರಿಗೆ ಹೇಳ್ರಿ.”

ಆ ಹುಡುಗರಿಗೆ ಈಗ ನಲವತ್ತರ ಹತ್ತಿರ. ಯಾರು ಯಾವ ಊರಿನಲ್ಲಿದ್ದಾರೋ, ನನಗೆ ಅರ್ಧದಷ್ಟು ಹೆಸರೂ ನೆನಪಿಲ್ಲ. ಅದಕ್ಕೇ ಇದನ್ನು ಬರೆದೆ. ಆ ಕೋಣೆಯಲ್ಲಿ ಕುಳಿತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ. ನಮ್ಮ ಆಕಾಶಗಂಗೆಗೆ ಪಟ್ಟಿ ಇದೆ. ಗಿರಿಜಾ ಅಕ್ಕೋರು ಸರಿಯಾಗಿಯೇ ಕಲಿಸಿದ್ದರು. ಪುಸ್ತಕವನ್ನು ನಾನು ನೋಡಿದ್ದೆ. ನಿಮ್ಮೆದುರು ಸುಳ್ಳು ಹೇಳಿದವನು ನಾನು.