ಇಬ್ಬರು ಹುಡುಗಿಯರಾದ ಸುಶೀಲಾ

ಚಿತ್ತಾಪುರದ ಮಿಷನ್ ಬಂಗಲೆಯಲ್ಲಿ ವಿಮಲಾಬಾಯಿ ಒಂಬತ್ತು ವರ್ಷ ಅಡುಗೆ ಮಾಡಿದಳು. ದಂಡೋತಿಯ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವಳು. ಕ್ರಿಸ್ತನನ್ನು ನಂಬಿದ್ದು ಅವಳ ಅಜ್ಜಿಯ ಕಾಲದಲ್ಲೇ. ಹಾಗಾಗಿ ಪ್ರಾರ್ಥನೆ ಅವಳಿಗೆ ಯಾರೋ ಬಂದು ಕಲಿಸಿದ್ದಲ್ಲ, ತಾಯಿಯ ತೊಡೆಯ ಮೇಲೆ ಮಲಗಿ ಕೇಳಿದ್ದು.

ಬಂಗಲೆಯ ದೊರೆಯ ಹೆಸರು ಹಾರ್ಲೋ. ಊರವರ ನಾಲಿಗೆಯಲ್ಲಿ ತಿರುಗಿ ತಿರುಗಿ ಅದು ಹರಳಯ್ಯ ಪಾದ್ರಿ ಆಗಿತ್ತು. ಕೆಟ್ಟ ಮನುಷ್ಯನಲ್ಲ. ನಲವತ್ತೆಂಟರಲ್ಲಿ ನಿಜಾಮನ ಆಳ್ವಿಕೆ ಬಿದ್ದು ಮುಸಲ್ಮಾನರ ಮೇಲೆ ಜನ ಏರಿಬಂದ ಗದ್ದಲದಲ್ಲಿ ಮಿಷನ್ ದವಾಖಾನೆಯ ಕಂಪೌಂಡರ್ ಬಂದೇಅಲಿಯ ಇಡೀ ಮನೆಮಂದಿಯನ್ನು ಇಪ್ಪತ್ತು ದಿನ ಬಂಗಲೆಯೊಳಗೆ ಇಟ್ಟುಕೊಂಡು, ಬಾಗಿಲಿಗೆ ಬಂದವರ ಎದುರು ತಾನೇ ನಿಂತಿದ್ದ. ಪಾದ್ರಿಯ ಹೆಂಡತಿ ಅಮ್ಮಾವ್ರಂತೂ ವಿಮಲಾಬಾಯಿಗೆ ಒಡಹುಟ್ಟಿದವಳಂತೆ. ಅವರ ಏಳು ತಿಂಗಳ ಕೂಸು ಭೇದಿ ಹತ್ತಿ ಸತ್ತಾಗ ಅದಕ್ಕೆ ಕೊನೆಯ ಸ್ನಾನ ಮಾಡಿಸಿದವಳು ವಿಮಲಾಬಾಯಿ. ಅಮ್ಮಾವ್ರು ಮೂರು ದಿನ ಅವಳ ಹೆಗಲ ಮೇಲೆಯೇ ತಲೆಯಿಟ್ಟು ಅತ್ತಿದ್ದರು.

ಐವತ್ತನೇ ಇಸವಿಯ ಕ್ರಿಸ್‌ಮಸ್ಸಿಗೆ ವಿಮಲಾಬಾಯಿ ಮಗಳು ಸುಶೀಲಾಳಿಗೆ ಹಳದಿ ಹೂವಿನ ಫ್ರಾಕು ಹೊಲಿದಳು. ಅಡುಗೆ ಮುಗಿಸಿ ಮಧ್ಯಾಹ್ನಗಳಲ್ಲಿ ಕೂತು, ಕೈಹೊಲಿಗೆಯಲ್ಲಿ, ಕೊರಳಿಗೆ ಬಿಳಿ ಪಟ್ಟಿ ಇಟ್ಟು. ಅದನ್ನು ತೊಟ್ಟು ಆರು ವರ್ಷದ ಹುಡುಗಿ ಅಂಗಳದಲ್ಲಿ ಗಿರಕಿ ಹೊಡೆಯುವಾಗ ಪಾದ್ರಿ ಕ್ಯಾಮೆರಾ ಹಿಡಿದು ಬಂದ. ಒಂದು ಫೋಟೋ ತೆಗೆದ. ಆಮೇಲೆ ಹೇಳಿದ:

"ವಿಮಲಾಬಾಯಿಯೇ, ಈಗ ಮಗುವಿಗೆ ಹಳೆಯ ವಸ್ತ್ರವನ್ನು ತೊಡಿಸು. ಹರಿದದ್ದು ಇರಲಿ. ತಲೆಗೂದಲು ಕೆದರಿರಲಿ."

ಅವನ ಕನ್ನಡ ಯಾವಾಗಲೂ ಬೈಬಲ್ ಓದಿದಂತೆಯೇ ಇರುತ್ತಿತ್ತು.

"ಯಾಕ್ರಿ ಸಾಹೇಬ್ರ?"

"ನಮ್ಮ ದೇಶದ ಜನರು ನೋಡಬೇಕು."

ಏನು ನೋಡಬೇಕು ಎಂದು ಅವಳು ಕೇಳಲಿಲ್ಲ. ನೆಲ ಒರೆಸಲು ಇಟ್ಟಿದ್ದ ಚಿಂದಿಯಲ್ಲಿ ಒಂದನ್ನು ತಂದು ತೊಡಿಸಿದಳು. ಜಡೆ ಬಿಚ್ಚಿದಳು. ಕೆನ್ನೆಗೆ ಒಂಚೂರು ಬೂದಿ ಇರಲಿ ಎಂದು ಪಾದ್ರಿ ಹೇಳಿದಾಗ ತನ್ನ ಕೈಯಿಂದಲೇ ಒಲೆಯ ಬೂದಿ ಬಳಿದಳು. ತಿಪ್ಪೆಯ ಮುಂದೆ ಕೂಡಿಸಿದಾಗ ಸುಶೀಲಾ ಅಳಲು ಶುರು ಮಾಡಿದಳು. ಪಾದ್ರಿಗೆ ಅದೇ ಬೇಕಿತ್ತು; ಇನ್ನೊಂದು ಫೋಟೋ ತೆಗೆದ.

ಮೂರು ವರ್ಷ ಕಳೆದವು. ದವಾಖಾನೆಗೆ ಹೆರಿಗೆಯ ಹೊಸ ಕೋಣೆ ಎದ್ದಿತು. ಒಂದು ದಿನ ಅಲ್ಲಿ ಕಸ ಗುಡಿಸುವಾಗ ಪಾದ್ರಿಯ ದೇಶದಿಂದ ಬಂದ ಔಷಧದ ಪೆಟ್ಟಿಗೆಯೊಳಗೆ, ಸೀಸೆಗಳ ನಡುವೆ ತುರುಕಿದ ಒಂದು ಇಂಗ್ಲಿಷ್ ಪುಸ್ತಿಕೆ ವಿಮಲಾಬಾಯಿಯ ಕೈಗೆ ಬಂತು. ಬಿಚ್ಚಿದರೆ ಮಗಳು! ಒಂದು ಪುಟದಲ್ಲಿ ಚಿಂದಿ ಉಟ್ಟವಳು, ಎದುರು ಪುಟದಲ್ಲಿ ಫ್ರಾಕು ತೊಟ್ಟವಳು. ಅವಳಿಗೆ ಮೊದಲು ಖುಷಿಯೇ ಆಯಿತು. ಸೆರಗಿನಿಂದ ಧೂಳು ಒರೆಸಿ ಬಂದೇಅಲಿಯ ಮುಂದೆ ಹಿಡಿದಳು.

"ಭಾಯಿ, ನಮ್ಮ ಸುಶೀಲಾನ ಬಗ್ಗಿ ಏನ್ ಬರ್ದಾರ, ಓದಿ ಹೇಳ್ರಿ."

ಬಂದೇಅಲಿ ಕನ್ನಡಕ ಏರಿಸಿ ಓದಿದ.

"ಬ್ಯಾಡ ಅಕ್ಕಾ. ಹಿಂಗೇ ಏನೋ ಬರ್ದಾರ."

"ಹಿಂಗೇ ಅಂದ್ರ? ಓದ್ರಿ."

"ಈ ಹುಡುಗಿ ಅನಾಥಂತ. ಅವ್ವ ಅಪ್ಪ ದೆವ್ವದ ಪೂಜಿ ಮಾಡಿ ತಿಪ್ಪಿ ಮ್ಯಾಲ ಒಗದು ಹೋಗಿದ್ರಂತ. ಅಮ್ಮಾವ್ರು ಎತ್ಕೊಂಡು ಬಂದು ಸಾಕ್ಯಾರಂತ." ಅವನು ಎದುರು ಪುಟದ ಮೇಲೆ ಬೆರಳಿಟ್ಟ. "ಇದು ಎರಡು ವರ್ಷ ಆದ ಮ್ಯಾಲಿಂದಂತ. ಅಂಗಿ ಅವರ ದೇಶದ ಹೆಣ್ಣಮಕ್ಕಳು ಹೊಲ್ದು ಕಳ್ಸ್ಯಾರಂತ."

"ಯಾರು ಬರ್ದದ್ದು?"

ಬಂದೇಅಲಿ ನೆಲ ನೋಡಿದ. "ಅಮ್ಮಾವ್ರ ಹೆಸರದ ಅಕ್ಕಾ."

ವಿಮಲಾಬಾಯಿ ಪುಸ್ತಿಕೆ ಕಸಿದುಕೊಂಡಳು. ಹಿತ್ತಲಿಗೆ ಓಡಿ ಬೆಳಿಗ್ಗೆ ತಿಂದ ರೊಟ್ಟಿಯನ್ನೆಲ್ಲ ಕಾರಿಕೊಂಡಳು. ಬೂದಿ ಬಳಿದ ಬೆರಳುಗಳನ್ನು ನೋಡಿಕೊಂಡಳು. ದವಾಖಾನೆಯಲ್ಲಿ ರೋಗಿಗಳ ಕೊಳೆತ ಹುಣ್ಣು ತೊಳೆದಾಗಲೂ ಈ ಕೈ ಹೀಗೆ ಹೇಸಿಗೆ ಅನಿಸಿರಲಿಲ್ಲ.

ಪಾದ್ರಿ, ಅಮ್ಮಾವ್ರು ಚಹಾಕ್ಕೆ ಕೂತಿದ್ದರು. ಅವಳು ಪುಸ್ತಿಕೆಯನ್ನು ಕಪ್ಪುಗಳ ನಡುವೆ ಇಟ್ಟಳು.

"ನಾ ಸತ್ತೀನೇನ್ರಿ ಅಮ್ಮಾ?"

ಅಮ್ಮಾವ್ರ ಮುಖ ಕೆಂಪಾಯಿತು. ಪಾದ್ರಿ ಮಾತ್ರ ಶಾಂತವಾಗಿಯೇ ಹೇಳಿದ: "ಸಹೋದರಿಯೇ, ನಮ್ಮ ಜನರ ಹೃದಯವು ಕರಗಬೇಕಾಗಿತ್ತು. ದವಾಖಾನೆಯ ಕೋಣೆಯು ಇದರಿಂದಲೇ ಆಯಿತು. ಎಷ್ಟು ಜನ ತಾಯಂದಿರು ಅಲ್ಲಿ ಬದುಕಿದರು, ನೀನೇ ನೋಡಿದ್ದೀ."

"ನೋಡೀನ್ರಿ. ಕ್ವಾಣಿ ಬೇಕಿತ್ತಂದ್ರ ಕ್ವಾಣಿ ಬೇಕಂತ ಬರೀಬೇಕಿತ್ತು. ನನ್ನ ಮಗಳಿಗಿ ತಿಪ್ಪಿಗಿ ಯಾಕ ಒಗದ್ರಿ? ನಮ್ಮಜ್ಜಿ ಯೇಸುಸ್ವಾಮಿಗಿ ನಂಬಿದಾಗ ನೀವು ಹುಟ್ಟಿದ್ರೋ ಇಲ್ಲೋ!" ಅವಳು ಅಮ್ಮಾವ್ರ ಕಡೆ ತಿರುಗಿದಳು. "ನಿಮ್ಮ ಕೂಸಿಗಿ ಈ ಕೈಲೆ ನೀರು ಹಾಕೀನ್ರಿ. ಇದನ್ನ ಬರೀಲಾಕ ನಿಮಗಾರೆ ಕೈ ಹ್ಯಾಂಗ ಬಂತು?"

ಪಾದ್ರಿ ಎದ್ದು, ಮೂವರೂ ಮೊಣಕಾಲೂರಿ ಪ್ರಾರ್ಥಿಸೋಣ ಎಂದ. ಅವಳು ಊರಲಿಲ್ಲ.

ಅವಳು ಕೆಲಸ ಬಿಟ್ಟಳು; ಅಲ್ಲಿಗೆ ಬಂಗಲೆಯ ಋಣ ತೀರಿತು. ಗಂಡ ಪ್ರಭುದಾಸ ಅಲ್ಲಿಯೇ ಮಾಲಿ. ಇದ್ದ ಮನೆಯೂ ಮಿಷನ್ನಿನದೇ. "ಒಂದು ಚಿತ್ರಕ್ಕ ಹೊಟ್ಟಿಮ್ಯಾಲ ಕಲ್ಲು ಹಾಕಿದಿ" ಎಂದು ಬೈದ. ಬೈಯುತ್ತಲೇ ಗಂಟು ಹೊತ್ತುಕೊಂಡು ಅವಳ ಹಿಂದೆ ನಡೆದ. ರಾವೂರಿನ ಕಲ್ಲಿನ ಗಣಿಯಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಅವನು ಫರಸಿ ಕಲ್ಲಿನ ಚಪ್ಪಡಿ ಎಬ್ಬಿಸುವನು, ಅವಳು ಹೊರುವಳು. ಮೊದಲ ತಿಂಗಳುಗಳಲ್ಲಿ ಅವಳಿಗೆ ಪ್ರಾರ್ಥನೆಯೂ ಬೇಡವಾಗಿತ್ತು. ಕಣ್ಣು ಮುಚ್ಚಿದರೆ ಪಾದ್ರಿಯ ಸ್ವರ ಕೇಳುತ್ತಿತ್ತು. ಕಡೆಗೆ ಅಜ್ಜಿ ಹೇಳುತ್ತಿದ್ದ ಮಾತುಗಳಲ್ಲೇ, ಕಣ್ಣು ತೆರೆದುಕೊಂಡೇ, ಒಲೆಯ ಮುಂದೆ ಪ್ರಾರ್ಥಿಸತೊಡಗಿದಳು. ಗಣಿಯ ನಾಲ್ಕು ಹೆಂಗಸರು ಬಂದು ಜೊತೆಗೆ ಕೂತರು.

ಐವತ್ತೈದರಲ್ಲಿ ಪಾದ್ರಿಯ ಸಂಸಾರ ತಮ್ಮ ದೇಶಕ್ಕೆ ಹೊರಟಿತು. ವಾಡಿಯಲ್ಲಿ ರೈಲು ಹತ್ತುವ ಮುನ್ನ ಅಮ್ಮಾವ್ರು ಟಾಂಗಾ ಮಾಡಿಕೊಂಡು ಒಬ್ಬರೇ ರಾವೂರಿಗೆ ಬಂದರು. ಸೊರಗಿದ್ದರು. ಪುಸ್ತಿಕೆಯಲ್ಲಿ ಬರೆದದ್ದು ಸುಳ್ಳೆಂದು ನಮ್ಮ ದೇಶದ ಚರ್ಚಿನ ಸಭೆಗಳಿಗೆಲ್ಲ ಪತ್ರ ಬರೆದೆ, ಯಾರೂ ಅಚ್ಚು ಹಾಕಲಿಲ್ಲ ಎಂದರು. ವಿಮಲಾಬಾಯಿ ಕಂಬಳಿ ಹಾಸಿದಳು, ನೀರು ಕೊಟ್ಟಳು.

"ನನ್ನನ್ನು ಕ್ಷಮಿಸು ವಿಮಲಾ."

"ಕ್ಷಮಿಸೀನ್ರಿ ಅಮ್ಮಾ. ಸ್ವಾಮಿ ಹೇಳ್ಯಾನ, ಕ್ಷಮಿಸಬೇಕು."

ಅಮ್ಮಾವ್ರು ಅಳುತ್ತ ತಬ್ಬಿಕೊಂಡರು. ಅವರ ಸಾಬೂನಿನ ವಾಸನೆ ಮೂಗಿಗೆ ಬಡಿದೊಡನೆ ವಿಮಲಾಬಾಯಿಯ ಮೈಯೆಲ್ಲ ಹಿಂಡಿದಂತಾಯಿತು. ಕ್ಷಮಿಸಿದ್ದು ಸುಳ್ಳಲ್ಲ. ಆದರೆ ಹೇಸಿಗೆಗೆ ಕ್ಷಮೆಯ ಮಾತು ಕೇಳಿಸಿರಲಿಲ್ಲ. ಉಸಿರು ಬಿಗಿಹಿಡಿದು, ಅವರು ತಾವಾಗಿ ಬಿಡುವ ತನಕ ನಿಂತಳು.

ಟಾಂಗಾ ಮರೆಯಾಯಿತು. ಅವಳು ಹಿತ್ತಲಿಗೆ ಹೋಗಿ ಕೊಡ ಎತ್ತಿ ತಲೆಯ ಮೇಲೆ ನೀರು ಸುರಿದುಕೊಳ್ಳತೊಡಗಿದಳು. ಅರ್ಧ ಕೊಡ ಆಗಿತ್ತು. ಊರೊಳಗಿನವರು ಅಜ್ಜಿಯ ಮೈ ತಾಕಿದರೆ ಮೈಲಿಗೆ ಕಳೆಯಲು ಹೀಗೆಯೇ ಬಾವಿಗೆ ಓಡುತ್ತಿದ್ದರೆಂದು ನೆನಪಾಯಿತು. ಕೈ ನಿಂತಿತು. ಛೀ, ನಾನೂ! ಎಂದು ತನ್ನ ಮೇಲೆಯೇ ಹೇಸಿಕೊಂಡು ಕೊಡ ಇಳಿಸಿದಳು. ತೊಯ್ದ ಸೀರೆಯಲ್ಲಿಯೇ ಒಳಗೆ ಬಂದು ಒಲೆ ಹೊತ್ತಿಸಿದಳು. ಸುಶೀಲಾ ಶಾಲೆಯಿಂದ ಬರುವ ಹೊತ್ತಾಗಿತ್ತು.