ನಡುಗುವ ಕೈಯಲ್ಲಿ ಸೂಜಿ

ಮೊನ್ನೆ ಮಣಿಕೊಂಡದ ನಮ್ಮ ಫ್ಲ್ಯಾಟಿನಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಕೇಕಿನ ಮೇಲಿನ ಮೇಣದಬತ್ತಿಗಳನ್ನು ಅವಳು ಒಂದೇ ಉಸಿರಿಗೆ ಆರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಬಿಸಿ ಮೇಣದ ವಾಸನೆ ನನ್ನ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಆ ವಾಸನೆ ನನ್ನ ಪಾಲಿಗೆ ಕಾಚಿಗೂಡದ ಕೆಳಗಿನ ಮನೆ ಕಾಕುವಿನದು. ಅವರು ಬತ್ತಿಯನ್ನು ತುಸು ಉರಿಸಿ, ಆರಿಸಿ, ಬಿಸಿ ಮೇಣಕ್ಕೆ ದಾರ ಒತ್ತಿ ಎಳೆಯುತ್ತಿದ್ದರು. ಮೇಣ ಹಚ್ಚಿದ ದಾರ ಸಿಕ್ಕಾಗುವುದಿಲ್ಲ, ಗಾಜಿನ ಮಣಿ ಸಲೀಸಾಗಿ ಏರುತ್ತದೆ…

ಹೈದರಾಬಾದು ಇಡೀ ಆಂಧ್ರಕ್ಕೆ ರಾಜಧಾನಿಯಾಗಿದ್ದ ಕಾಲ ಅದು. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಬಂದ ನನಗೆ ತೆಲುಗು ಬಾರದು, ಹಿಂದಿ ಅಷ್ಟಕ್ಕಷ್ಟೆ. ನಮ್ಮ ಯಜಮಾನರು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿದ್ದರು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಹಳೆಯ ಮನೆಯೊಂದರ ಮಾಳಿಗೆಯಲ್ಲಿ ನಾವಿದ್ದೆವು. ಕೆಳಗೆ ಕಲಬುರ್ಗಿ ಕಡೆಯ ಕಾಕು; ಚಿಕ್ಕಮ್ಮನ ವಯಸ್ಸಿನವರನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ. ಅವರ ಗಂಡ ಕಾಕಾನಿಗೆ ಬಟ್ಟೆ ಅಂಗಡಿ, ಒಬ್ಬಳೇ ಮಗಳು ಸೊಲ್ಲಾಪುರಕ್ಕೆ ಮದುವೆಯಾಗಿ ಹೋಗಿದ್ದಳು.

ನನ್ನ ಅಂಜಿಕೆ ಶುರುವಾದದ್ದು ಕೋಠಿಯ ಬಜಾರಿನಲ್ಲಿ. ಸೀರೆಯ ಫಾಲ್ ಕೊಳ್ಳಲು ನಿಂತಿದ್ದೆ. ಏನೂ ಆಗಿರಲಿಲ್ಲ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಕೈಬೆರಳು ಜೋಮು ಹಿಡಿದವು, ಜನರ ಮಾತೆಲ್ಲ ದೂರದಿಂದ ಕೇಳಿದಂತಾಯಿತು. ಈಗ ಸತ್ತೆ ಎಂದುಕೊಂಡೆ. ಸಾಯಲಿಲ್ಲ. ಆದರೆ ಅಂದಿನಿಂದ ಅದು ಮತ್ತೆ ಬರುತ್ತದೆ ಎಂಬ ಭಯ ಮನೆಯೊಳಗೇ ಬಂದು ಕೂತಿತು. ಸ್ಟೋವಿನ ಮುಂದೆ ಬಂತು, ಸ್ನಾನದ ಮನೆಯಲ್ಲಿ ಬಂತು. ಡಾಕ್ಟರು ಎದೆಯ ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದರು. ಏನೂ ಇಲ್ಲವೆಂದ ಮೇಲೆ ಇನ್ನೂ ಹೆದರಿಕೆಯಾಯಿತು. ಏನೂ ಇಲ್ಲದಿದ್ದರೆ ಇದು ತಲೆಗೆ ಸಂಬಂಧಿಸಿದ್ದೇ ಇರಬೇಕಲ್ಲ!

"ಯಾರ ಮುಂದೂ ಹೇಳಬ್ಯಾಡ. ಎರ್ರಗಡ್ಡಕ್ಕ ಹೋಗು ಅಂತಾರ," ಎಂದರು ಯಜಮಾನರು. ಹುಚ್ಚಿನ ಆಸ್ಪತ್ರೆ ಇದ್ದ ಜಾಗದ ಹೆಸರು ಆ ಊರಲ್ಲಿ ಬೈಗುಳವೂ ಆಗಿತ್ತು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರಿಗೂ ಅಂಜಿಕೆ.

ಒಂದು ಮಧ್ಯಾಹ್ನ ಮನೆಯೊಳಗೆ ಇರಲಾಗದೆ, ಹೊರಗೆ ಹೋಗಲೂ ಆಗದೆ, ಮೆಟ್ಟಿಲ ಮೇಲೆ ಕುಳಿತಿದ್ದೆ. ಕಾಕು ನೋಡಿದರು.

"ಯಾಕ ತಂಗಿ, ಇಲ್ಲ್ಯಾಕ ಕುಂತಿ?"

"ಎದಿ ಒಡಿಯಾಕತ್ತೈತ್ರಿ ಕಾಕು. ನಾ ಸಾಯತೀನಿ ಅನಸ್ತೈತಿ."

ಅವರು ಗಾಬರಿಯಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಒಳಗ ಬಾ. ನನಗೊಂದೀಟು ಕೆಲಸ ಐತಿ, ಕೈ ಹಚ್ಚು," ಎಂದರು. ಚಾಪೆಯ ಮೇಲೆ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಗಾಜಿನ ಮಣಿಗಳು. ಬಾಗಿಲಿಗೆ ಕಟ್ಟುವ ತೋರಣ ನೇಯುತ್ತಿದ್ದರು, ಎರಡು ನವಿಲುಗಳದು. ಸೂಜಿ ನನ್ನ ಕೈಗೆ ಕೊಟ್ಟರು.

"ಕೈ ನಡಗಾಕತ್ತಾವ್ರಿ."

"ನಡಗಲಿ ಬಿಡು. ಸೂಜಿಗೇನು ಬ್ಯಾಸರಿಲ್ಲ."

ಎರಡು ಹಸಿರು, ಒಂದು ಬಿಳಿ, ಮತ್ತೆ ಎರಡು ಹಸಿರು. ತಪ್ಪಿದರೆ ಬಿಚ್ಚಬೇಕು. ಸಾಸಿವೆಗಿಂತ ತುಸು ದೊಡ್ಡ ಮಣಿಯ ತೂತಿಗೆ ಸೂಜಿ ಹಾಕುವಾಗ ಕಣ್ಣು, ಬೆರಳು, ಉಸಿರು ಎಲ್ಲವೂ ಅಲ್ಲೇ ನಿಲ್ಲಬೇಕು. ಎದೆ ಯಾವಾಗ ಸುಮ್ಮನಾಯಿತೋ ಗೊತ್ತಾಗಲಿಲ್ಲ. ಸುಮ್ಮನಾಗಿದೆ ಎಂದು ಗೊತ್ತಾದೊಡನೆ ಮತ್ತೆ ಹೊಡೆದುಕೊಳ್ಳತೊಡಗಿತು… ಹಾಗೆಯೇ ದಿನಗಳು ಹೋದವು.

ಆಮೇಲೆ ಚಾರ್ಮಿನಾರಿನ ಸುತ್ತಿನ ಹಳೇ ಊರಿನಲ್ಲಿ ಗಲಾಟೆ ಎದ್ದಿತು. ಕರ್ಫ್ಯೂ ಹಾಕಿದರು. ಯಜಮಾನರು ಕಾರ್ಖಾನೆಯಲ್ಲಿ ಉಳಿದರು, ಕಾಕಾ ಅಂಗಡಿಯಲ್ಲಿ. ಬೆಳಗಿನಿಂದಲೇ ಬೀದಿ ಖಾಲಿ. ಪೊಲೀಸ್ ಜೀಪು ಮೈಕಿನಲ್ಲಿ ಏನೋ ಕೂಗುತ್ತ ಹೋಗುತ್ತಿತ್ತು. ರೈಲುಗಳ ಸದ್ದೂ ನಿಂತಿದ್ದರಿಂದ ಕಿವಿಯೊಳಗೆ ನನ್ನದೇ ರಕ್ತ ಬಡಿಯುವುದು ಕೇಳುತ್ತಿತ್ತು. ಓಡಿ ಕೆಳಗಿಳಿದೆ. ಕಿಟಕಿ ಮುಚ್ಚಿಕೊಂಡು ಇಬ್ಬರೂ ಚಾಪೆಯ ಮೇಲೆ ಕುಳಿತೆವು. ದೂರದಲ್ಲಿ ಏನೋ ಢಮ್ ಎಂದಿತು. ಕಾಕುವಿನ ಬಟ್ಟಲಿನಿಂದ ಮಣಿಗಳು ಚೆಲ್ಲಿದವು. ನೋಡಿದರೆ ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.

"ಕಾಕು, ನಿಮಗೂ…"

"ನನಗ ಧೈರ್ಯ ಐತಿ ಅಂತ ತಿಳಕೊಂಡಿದ್ದೇನು?" ಅವರು ಬಟ್ಟಲನ್ನು ನೆಟ್ಟಗೆ ಇಟ್ಟರು. "ನನ್ನ ಮಗಳು ಸಣ್ಣಾಕಿ ಇದ್ದಾಗ ಹಿಂಗ ಒಂದು ಗಲಾಟ್ಯಾಗ ಕೈ ಬಿಟ್ಟು ಹ್ವಾದಳು. ಸಂಜಿಗೆ ಯಾರೋ ಪುಣ್ಯಾತ್ಮರು ತಂದು ಬಿಟ್ಟರು. ಮಗಳು ತಿರಗಿ ಬಂದಳು, ಅಂಜಿಕಿ ಹೋಗಲಿಲ್ಲ ನೋಡು. ಬಾಗಲಾ ಬಡದರ ಸಾಕು, ಜೀವ ಹಾರತಿತ್ತು. ಕೈಗೆ ಏನರೆ ಬೇಕಾತು. ಇದನ್ನ ಹಿಡದೆ."

"ಇದರ್ಲೆ ಹೋಗ್ತೈತೇನ್ರಿ?"

"ಹೋಗೂದಿಲ್ಲ. ತುಸು ಬಾಜೂಕ ಸರದು ಕುಂದರ್ತೈತಿ, ಅಷ್ಟ."

ಚೆಲ್ಲಿದ ಮಣಿಗಳನ್ನು ಇಬ್ಬರೂ ನೆಲದಿಂದ ಹೆಕ್ಕಿದೆವು. ಜೀಪು ಬಂದಾಗೆಲ್ಲ ಕೈ ನಿಲ್ಲುತ್ತಿತ್ತು, ಹೋದ ಮೇಲೆ ಮತ್ತೆ ಹೆಕ್ಕುತ್ತಿದ್ದೆವು. ಆ ದಿನ ನಾನು ಹೆದರಿದಷ್ಟು ಮತ್ತೆಂದೂ ಹೆದರಿಲ್ಲ. ಆದರೆ ಒಬ್ಬಳೇ ಹೆದರಲಿಲ್ಲ.

ಕರ್ಫ್ಯೂ ತೆಗೆದ ಮೇಲೆ ಕಾಕುವೇ ಯಜಮಾನರನ್ನು ಕರೆದು ಹೇಳಿದರು. "ಮಣೀಲೆ ಆಗೂದಷ್ಟ ಆಗ್ತೈತ್ರಿ. ಉಳದದ್ದಕ್ಕ ಡಾಕ್ಟರ ಬೇಕು. ನಾ ಕರಕೊಂಡು ಹೋಗ್ತೀನಿ, ನೀವು ನಾಚಿಕೋಬ್ಯಾಡ್ರಿ." ನಾರಾಯಣಗೂಡದಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದರು. ಅವರು ನಗಲಿಲ್ಲ. ಇದೊಂದು ಕಾಯಿಲೆ, ಬಹಳ ಜನರಿಗೆ ಇದೆ ಎಂದರು. ಮಾತ್ರೆ ಬರೆದರು. ಕೈಕೆಲಸ ಬಿಡಬೇಡಿ ಎಂದೂ ಹೇಳಿದರು.

ನವಿಲಿನ ಕೊರಳಿಗೆ ನೀಲಿ ಮಣಿ ಮುಗಿದಿತ್ತು. ಅದು ಸಿಗುವುದು ಚಾರ್ಮಿನಾರಿನ ಹತ್ತಿರದ ಲಾಡ್ ಬಜಾರಿನಲ್ಲಿ. "ನಾ ತರೂದಿಲ್ಲ, ಇಬ್ಬರೂ ಹೋಗೂಣು," ಎಂದರು ಕಾಕು. ಮೊದಲ ಸಲ ಬಸ್ಸು ಅಫ್ಜಲ್‌ಗಂಜ್ ದಾಟುವ ಮೊದಲೇ ನಾನು ಅವರ ಸೆರಗು ಹಿಡಿದು ಇಳಿಸಿಬಿಟ್ಟೆ. ಅವರು ರಿಕ್ಷಾ ಮಾಡಿ ಮನೆಗೆ ಕರೆತಂದರು. ಮತ್ತೊಂದು ಸಲ ಹೋದಾಗ ತಲುಪಿದೆವು. ಗಲಾಟೆಯ ಜಾಗ ಹತ್ತಿರ ಬಂದಂತೆ ಅವರ ಮುಖ ಬೆಳ್ಳಗಾಯಿತು. ಈ ಸಲ ನಾನು ಅವರ ಕೈ ಹಿಡಿದುಕೊಂಡೆ. ಬಳೆ ಅಂಗಡಿಗಳ ನಡುವೆ ನಿಂತು ನೀಲಿಯಲ್ಲಿ ನೀಲಿ ಆರಿಸಿದೆವು. ತೋರಣ ಮುಗಿಯಿತು. ಅದರ ಬೆನ್ನಿಗೆ ನಾನೇ ಮಣಿಯ ಗಿಳಿಯೊಂದನ್ನು ನೇಯತೊಡಗಿದೆ.

ವರ್ಷಗಳು ಕಳೆದು ಕಾಕುವಿನ ಕಣ್ಣು ಮಂಜಾಯಿತು. ಕಣ್ಣಿನ ನರ ಒಣಗಿದೆ, ಆಪರೇಷನ್ನಿನಿಂದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಮಣಿಗಳು ಕೈಬಿಟ್ಟವು. ಬದಿಗೆ ಸರಿದು ಕೂತಿದ್ದ ಅಂಜಿಕೆ ಅವರ ಮಡಿಲಿಗೇ ಬಂತು. ಕಾಕಾ ಅಂಗಡಿಯಿಂದ ತುಸು ತಡವಾದರೆ ಗೋಡೆ ಹಿಡಿದು ಬಾಗಿಲವರೆಗೆ ಹೋಗಿ ನಿಲ್ಲುತ್ತಿದ್ದರು. ನಾನು ದೊಡ್ಡ ಮರದ ಮಣಿ ತಂದುಕೊಟ್ಟೆ, ಬೆರಳಿಗೆ ತಿಳಿಯಲಿ ಎಂದು. "ಇವು ಕೂಸಿನ ಆಟಗಿ," ಎಂದು ದೂರ ಸರಿಸಿದರು. ಆಗ ನಾನೇ ಅವರ ಪಕ್ಕ ಕುಳಿತು ಪೋಣಿಸತೊಡಗಿದೆ. ಮುಂದಿನದು ಯಾವ ಬಣ್ಣ ಎಂದು ಕೇಳುತ್ತಿದ್ದೆ. ಅವರ ತಲೆಯಲ್ಲಿ ಹಳೆಯ ವಿನ್ಯಾಸವೆಲ್ಲ ಹಾಗೇ ಇತ್ತು. ಸಾಲು ಸಾಲಾಗಿ ಹೇಳುತ್ತ ಹೋಗುತ್ತಿದ್ದರು. ಹೇಳುವಾಗ ದನಿ ನಡುಗುತ್ತಿರಲಿಲ್ಲ. ಕೆಲವು ದಿನ ಅದೂ ಸಾಕಾಗುತ್ತಿರಲಿಲ್ಲ…

ಕಾಕಾ ತೀರಿಕೊಂಡ ಮೇಲೆ ಮಗಳು ಸೊಲ್ಲಾಪುರಕ್ಕೆ ಕರೆದೊಯ್ದಳು. ಫೋನಿನಲ್ಲಿ ಮಾತಾಡುತ್ತಿದ್ದೆವು. ಒಂದು ದಿನ ಆ ಮಗಳೇ ಫೋನ್ ಮಾಡಿ ಕಾಕು ಹೋದ ಸುದ್ದಿ ಹೇಳಿದಳು. ಕೇಳಬಾರದೆಂದುಕೊಂಡರೂ ಕೇಳಿದೆ.

"ಕಡೀಕ ಅಂಜಿದ್ರೇನವ್ವಾ?"

"ಭಾಳ ಅಂಜಿದ್ರು ವೈನಿ. ನಾ ಬಾಜೂಕ ಕುಂತಿದ್ದೆ. ಕೈ ಬಿಡಲಿಲ್ಲ."

ಮೊನ್ನೆ ಹುಟ್ಟುಹಬ್ಬಕ್ಕೆ ಬಂದವರನ್ನು ಕಳಿಸಲು ಲಿಫ್ಟಿನಲ್ಲಿ ಕೆಳಗಿಳಿದೆ. ಒಬ್ಬಳೇ ಮೇಲೆ ಬರುವಾಗ ಬಾಗಿಲು ಮುಚ್ಚಿತು, ಎದೆ ಬಿಗಿಯಿತು, ಬೆರಳು ತಣ್ಣಗಾದವು. ಇದು ಬಂದು ಹೋಗುವಂಥದ್ದು ಎಂದು ಈಗ ನನಗೆ ಗೊತ್ತಿದೆ. ಹೋಯಿತು ಕೂಡ. ಮನೆಯೊಳಗೆ ಬಂದಾಗ ಮಗ, "ಏನಾಯ್ತಮ್ಮ?" ಎಂದ. ಏನಿಲ್ಲ ಎಂದೆ. ಹೇಳಬೇಕೆಂದರೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ಕಾಕುವಿಗೆ ಏನನ್ನೂ ಹೇಳಬೇಕಾಗುತ್ತಿರಲಿಲ್ಲ.